ಹದಿನೆಂಟು ಸಾಲಿನ ಮಾಡು

ಮುಳಿಹುಲ್ಲಿನ ವಾಸನೆ ಬಂದರೆ ನಮ್ಮ ಕಡೆಯವರಿಗೆ ಊರು ನೆನಪಾಗಬೇಕು, ಅಜ್ಜನ ಮನೆಯ ದನದ ಹಟ್ಟಿ ನೆನಪಾಗಬೇಕು. ನನಗೆ ಮಾತ್ರ ಕುವೈತ್ ನೆನಪಾಗುತ್ತದೆ. ನೆಟ್ಟಗೆ ಒಂದು ಹಿಡಿ ಹುಲ್ಲು ಬೆಳೆಯದ ಮರಳಿನ ಊರು ಅದು. ಹೇಳಿದರೆ ಮನೆಯವರು ನಗುತ್ತಾರೆ, ಹಾಗಾಗಿ ಹೇಳುವುದನ್ನು ಬಿಟ್ಟಿದ್ದೇನೆ.

ಕಳೆದ ತಿಂಗಳು ತಂಗಿಯ ಮೊಮ್ಮಗಳ ಹುಟ್ಟುಹಬ್ಬವೆಂದು ಹೆದ್ದಾರಿ ಬದಿಯ ಒಂದು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದರು. ಊಟದ ಜಾಗಕ್ಕೆ ಮುಳಿಹುಲ್ಲಿನ ಮಾಡು, ಅಂದರೆ ಸೂರು. ಮಧ್ಯಾಹ್ನದ ಸೆಕೆಗೆ ಮಕ್ಕಳು ರಂಪ ಮಾಡತೊಡಗಿದಾಗ ಕೆಲಸದವನೊಬ್ಬ ಪೈಪು ಹಿಡಿದು ಮಾಡಿನ ಮೇಲೆ ನೀರು ಬಿಟ್ಟ. ಒದ್ದೆ ಹುಲ್ಲಿನ ವಾಸನೆ ಮೆಲ್ಲಗೆ ಕೆಳಗಿಳಿಯಿತು. ನಾನು ಕೈಯಲ್ಲಿದ್ದ ಕೇಕಿನ ತಟ್ಟೆ ಕೆಳಗಿಟ್ಟು ಎದ್ದು ನಿಂತೆ. ಎಂತ ಆಯ್ತು ಮಾವ ಎಂದು ಸೊಸೆ ಕೇಳಿದಳು. ಏನಿಲ್ಲ, ಶುಗರ್ ಇರಬೇಕು ಎಂದು ಹೇಳಿ ಹೊರಗೆ ಬಂದು ಕೂತೆ.

ಶುಗರ್ ಇದ್ದದ್ದು ನನಗಲ್ಲ, ಅವರಿಗೆ…

ಅವರು ಕುವೈತಿನ ಸಲ್ವಾದಲ್ಲಿ ಒಂದು ಅರಬಿ ಮನೆಯ ಅಡುಗೆಯವರು. ವಯಸ್ಸು ಅರುವತ್ತರ ಆಸುಪಾಸು. ಘಟ್ಟದ ಬುಡದ ಒಂದು ಹಳ್ಳಿಯ ಕ್ರಿಸ್ತುವರು, ಮನೆಮಾತು ಕೊಂಕಣಿ. ನಮ್ಮ ಕಡೆ ತುಳುವರು ಕ್ರಿಸ್ತುವ ಹಿರಿಯರನ್ನು ಪೊರ್ಬುಗಳು ಎನ್ನುವುದು ರೂಢಿ. ನಾನೂ ಮೊದಲ ದಿನದಿಂದ ಹಾಗೆಯೇ ಕರೆದೆ. ಅವರು ನನ್ನನ್ನು ರೈಟ್ರೆ ಎನ್ನುತ್ತಿದ್ದರು. ಊರಲ್ಲಿ ಅಂಗಡಿಯ ಲೆಕ್ಕ ಬರೆಯುವವರಿಗೂ ಹಾಗೇ ಕರೆಯುವುದಿತ್ತು. ನಾನು ಹವಲ್ಲಿಯ ಒಂದು ವ್ಯಾಪಾರಿ ಕಂಪೆನಿಯಲ್ಲಿ ಫೈಲು ಜೋಡಿಸುವ ಕ್ಲಾರ್ಕು. ರೈಟ್ರು ಎನ್ನಿಸಿಕೊಳ್ಳುವುದು ನನಗೇನೂ ಬೇಸರದ ವಿಷಯವಾಗಿರಲಿಲ್ಲ.

ಪರಿಚಯವಾದದ್ದೇ ನನ್ನ ಕೈಬರಹದಿಂದ. ಊರಿಗೆ ಕಳಿಸುವ ಪೆಟ್ಟಿಯ ಮೇಲೆ ಕಾರ್ಗೋ ಅಂಗಡಿಯಲ್ಲಿ ಕೂತು ಕನ್ನಡದಲ್ಲಿ ವಿಳಾಸ ಬರೆಯುತ್ತಿದ್ದೆ. ಹಿಂದೆ ಯಾರೋ ನಿಂತು ಉಸಿರು ಬಿಡುತ್ತಿದ್ದರು. ತಿರುಗಿದರೆ ತೆಳ್ಳಗಿನ, ಬಿಳಿ ಮೀಸೆಯ ಮನುಷ್ಯ. "ಅಕ್ಷರ ಮುತ್ತಿನ ಹಾಗೆ ಉಂಟಲ್ಲ ಮಾರಾಯ್ರೆ," ಎಂದರು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ ವಿಷಯಕ್ಕೆ. ಅವರಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಎರಡನೇ ಕ್ಲಾಸಿನ ಮಳೆಗಾಲಕ್ಕೆ ಶಾಲೆ ಬಿಟ್ಟವರು.

ತೊಂಬತ್ತರ ಬೇಸಗೆಯಲ್ಲಿ ಅವರ ಊರಿನ ಇಗರ್ಜಿಯಿಂದ ಒಂದು ಕಾಗದ ಬಂತು. ಹಳೆಯ ಇಗರ್ಜಿಯನ್ನು ಕೆಡವಿ ಕಾಂಕ್ರೀಟಿನದು ಕಟ್ಟುತ್ತಾರಂತೆ. ಉದ್ಘಾಟನೆಯ ದಿನ ಇಗರ್ಜಿಯ ಚರಿತ್ರೆಯ ಪುಸ್ತಕ ತರುತ್ತಾರಂತೆ, ಮೊದಲ ಮನೆಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಯಾರಿಗಾದರೂ ಹಳೆಯ ಸಂಗತಿ ಗೊತ್ತಿದ್ದರೆ ಬರೆದು ಕಳಿಸಬೇಕು ಎಂದು ಪಾದ್ರಿಗಳು ಕೇಳಿದ್ದರು. ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ಮಡಚಿ ಕಿಸೆಯಲ್ಲಿಟ್ಟು, "ನನಗೆ ಗೊತ್ತುಂಟು ರೈಟ್ರೆ. ಪೂರ ಗೊತ್ತುಂಟು. ನೀವು ಬರೀಬೇಕು," ಎಂದರು.

ಹೀಗೆ ಶುರುವಾಯಿತು. ಶುಕ್ರವಾರ ಬೆಳಗ್ಗೆ ಸಿಟಿಯಲ್ಲಿ ಪೂಜೆ ಮುಗಿಸಿ ಬಸ್ಸು ಹಿಡಿದು ಹವಲ್ಲಿಗೆ ನನ್ನ ರೂಮಿಗೆ ಬರುತ್ತಿದ್ದರು. ರೂಮಿನಲ್ಲಿ ನನ್ನ ಜೊತೆಗಿದ್ದ ಬಂಟ್ವಾಳ ಕಡೆಯ ಬ್ಯಾರಿ ಗೆಳೆಯ ಚಾ ಮಾಡುತ್ತಿದ್ದ, ಪೊರ್ಬುಗಳಿಗೆ ಸಕ್ಕರೆ ಹಾಕದ್ದು. "ಅರಬಿಗಳಿಗೆ ದಿನಾ ಹಲ್ವಾ ಕಾಯಿಸಿ ಕೊಡುವವರಿಗೆ ಸಕ್ಕರೆ ಇಲ್ಲದ ಚಾ," ಎಂದು ಅವನು ತಮಾಷೆ ಮಾಡಿದರೆ ಇವರೂ ನಗುತ್ತಿದ್ದರು. ಅಂಗಿಯ ಕಿಸೆಯಲ್ಲಿ ಮಾತ್ರೆಯ ಡಬ್ಬಿ ಯಾವಾಗಲೂ ಗಲಗಲ ಎನ್ನುತ್ತಿತ್ತು.

ಚಾ ಕುಡಿದಾದ ಮೇಲೆ ಪ್ರಾರ್ಥನೆಯ ಪುಸ್ತಕ ತೆಗೆಯುತ್ತಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆರಳುದ್ದಕ್ಕೆ ಕತ್ತರಿಸಿ ಕತ್ತದ ನೂಲಿನಲ್ಲಿ ಕಟ್ಟಿದ ಮುಳಿಹುಲ್ಲಿನ ಒಂದು ಕಂತೆ ಇತ್ತು. ಅವರ ಇಗರ್ಜಿಗೆ ಹಂಚು ಬಂದ ವರ್ಷ, ಕೊನೆಯ ಹುಲ್ಲು ಇಳಿಸುವಾಗ ತೆಗೆದಿಟ್ಟದ್ದು. ಲೋಟದ ನೀರಿಗೆ ಬೆರಳು ಅದ್ದಿ ಅದರ ಮೇಲೆ ಎರಡು ಹನಿ ಚಿಮುಕಿಸಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆ ಏಸಿ ರೂಮಿನಲ್ಲಿ, ಕಿಟಕಿಯ ಆಚೆ ಬಿಳಿ ಬಿಸಿಲು ಕಾಯುತ್ತಿರುವಾಗ, ಒದ್ದೆ ಮುಳಿಯ ವಾಸನೆ ಏಳುತ್ತಿತ್ತು. ಆಮೇಲೆ ಹೇಳಲು ತೊಡಗುತ್ತಿದ್ದರು.

ಅವರು ಹೇಳಿದ ಇಗರ್ಜಿ ಒಂದು ದೊಡ್ಡ ಕೊಟ್ಟಿಗೆಯಷ್ಟೇ ಇತ್ತಂತೆ. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ. ಕಾಡು ಕಡಿದು ಗದ್ದೆ ಮಾಡಲು ಬಂದು ನೆಲೆಯಾದ ಮನೆಗಳು, ಪೂಜೆಗೆ ಇಡೀ ದಿನ ನಡೆಯಬೇಕಿತ್ತು. ಕೊನೆಗೆ ನಮ್ಮದೇ ಒಂದು ಮಾಡು ಇರಲಿ, ಪಾದ್ರಿ ತಿಂಗಳಿಗೊಮ್ಮೆ ಬಂದರೂ ಸಾಕು ಎಂದು ಕಟ್ಟಿಕೊಂಡದ್ದು. ಮಾಡಿಗೆ ಹದಿನೆಂಟು ಸಾಲು, ನೆತ್ತಿಯಿಂದ ಕೆಳಗಿನ ಅಂಚಿನವರೆಗೆ, ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. ಒಂದೊಂದು ಸಾಲು ಒಂದೊಂದು ಮನೆಯದು. ಪ್ರತಿ ವರ್ಷ ಈಸ್ಟರ್ ಕಳೆದು ಪತ್ತನಾಜೆಯ ಒಳಗೆ, ಅಂದರೆ ಮಳೆ ಹಿಡಿಯುವ ಮೊದಲು, ಆಯಾ ಮನೆಯವರು ಗುಡ್ಡೆಯಿಂದ ಮುಳಿ ಕೊಯ್ದು, ತಲೆಹೊರೆಯಲ್ಲಿ ತಂದು, ತಮ್ಮ ಸಾಲನ್ನು ತಾವೇ ಹೊದಿಸಬೇಕು. ಪೂಜೆಗೆ ಕೂರುವುದೂ ತಮ್ಮ ಸಾಲಿನ ಕೆಳಗೇ. ಸೋರಿದರೆ ನೆನೆಯುವವರು ತಾವೇ ಆದ್ದರಿಂದ ಯಾರೂ ಕಳ್ಳಕೆಲಸ ಮಾಡುತ್ತಿರಲಿಲ್ಲ ಎಂದು ಹೇಳಿ ನಗುತ್ತಿದ್ದರು.

ಅವರ ಮಟ್ಟಿಗೆ ಆ ಸಾಲುಗಳೇ ಇಗರ್ಜಿಯ ಚರಿತ್ರೆ. ಅಲ್ತಾರಿನ ಕಡೆಯಿಂದ, ಅಂದರೆ ಪೂಜೆಯ ಪೀಠದ ಕಡೆಯಿಂದ ಬಾಗಿಲಿನ ಕಡೆಗೆ, ಯಾರು ಮೊದಲು ಬಂದು ನೆಲೆಯಾದರೋ ಅವರ ಸಾಲು ಮೊದಲು. ಆಮೇಲೆ ಬಂದವರದು ಆಮೇಲೆ. ಅಣ್ಣತಮ್ಮಂದಿರು ಪಾಲಾದಾಗ ಒಂದು ಸಾಲು ಎಡದಿಂದ ಬಲಕ್ಕೆ ದಾಟಿತು. ಕೆರೆಮೇಲು ಮನೆಯಿಂದ ಮದುವೆಯಾಗಿ ಹೋದ ಒಬ್ಬಳು, ತವರಿನಲ್ಲಿ ಗಂಡಸರು ಉಳಿಯದಿದ್ದಾಗ, ಗಂಡನ ಮನೆಯಿಂದ ಹುಲ್ಲು ಹೊತ್ತು ತಂದು, ಬಸುರಿಯಾಗಿದ್ದರೂ ಏಣಿ ಹತ್ತಿ ಕಟ್ಟಿದಳಂತೆ. ಬಾಗಿಲಿನ ಮೇಲಿನ ಕೊನೆಯ ಸಾಲು ಮಾತ್ರ ಕ್ರಿಸ್ತುವರದಲ್ಲ. "ಅದು ನಿಮ್ಮವರದ್ದು ರೈಟ್ರೆ, ಗರಡಿಬಳಿಯ ಪೂಜಾರಿಗಳದ್ದು," ಎಂದು ಬಹಳ ಗೌರವದಿಂದ ಹೇಳಿದ್ದರು. ಪೂಜಾರಿ ಎಂದರೆ ನಮ್ಮ ಕಡೆ ಜಾತಿಯ ಹೆಸರು, ನನ್ನದೂ ಅದೇ; ಅದು ಶೇಂದಿ ತೆಗೆಯುವ ಮನೆ. ಇಗರ್ಜಿ ಕಟ್ಟುವಾಗ ನಾವೂ ಒಂದು ಸಾಲು ಹೊದಿಸುತ್ತೇವೆ ಎಂದು ಬಂದವರು ಹಂಚು ಬರುವವರೆಗೂ ತಪ್ಪಿಸಲಿಲ್ಲವಂತೆ. ಅವರು ಪೂಜೆಗೆ ಬರುವವರಲ್ಲವಾದ್ದರಿಂದ ಆ ಸಾಲಿನ ಕೆಳಗೆ ಯಾರೂ ಕೂರುತ್ತಿರಲಿಲ್ಲ.

ಎಡಬದಿಯ ಮೊದಲ ಸಾಲು, ಅಲ್ತಾರಿನ ಪಕ್ಕದ್ದು, ಹಳ್ಳದಬದಿ. ಅದು ಪೊರ್ಬುಗಳ ಮನೆ. ಆ ಕಾಡಿಗೆ ಮೊದಲು ಬಂದವರು ಅವರ ಮುತ್ತಜ್ಜ.

ಮೂರನೆಯ ಶುಕ್ರವಾರ ಅದರ ಕತೆ ಹೇಳಿದರು. ಅಪ್ಪ ಜ್ವರದಲ್ಲಿ ತೀರಿಕೊಂಡ ವರ್ಷ ಅಮ್ಮನಿಂದ ಹುಲ್ಲು ತರಲಾಗಲಿಲ್ಲ. ಇವರಿನ್ನೂ ಏಣಿ ಹತ್ತುವಷ್ಟು ಬೆಳೆದಿರಲಿಲ್ಲ. ಒಂದು ವರ್ಷ ತಾಳಿಕೊಳ್ಳಿ ಎಂದು ಅಮ್ಮ ಕೇಳಿಕೊಂಡರು. ಅಡ್ಕದ ಮನೆಯವರು, ದೊಡ್ಡ ಕುಳ, ಬಲಬದಿಯ ಐದೋ ಆರೋ ಸಾಲಿನವರು, ಪರವಾಗಿಲ್ಲ ನಾವೇ ಹೊದಿಸುತ್ತೇವೆ ಎಂದು ಚೆನ್ನಾಗಿಯೇ ಹೊದಿಸಿದರು. ಮಳೆ ಹಿಡಿದ ಮೊದಲ ಭಾನುವಾರ ಅಮ್ಮ ಎಂದಿನಂತೆ ತಮ್ಮ ಜಾಗದಲ್ಲಿ ಚಾಪೆ ಹಾಸಿ ಕೂತರು. ಅಡ್ಕದ ಮನೆಯ ಹೆಂಗಸು ಬಂದು ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳಿದ್ದು: "ಮೇಲೆ ಇರುವುದು ನಮ್ಮ ಹುಲ್ಲು."

ಅಮ್ಮ ಎದ್ದರು. ಚಾಪೆ ಮಡಚಿಕೊಂಡು ಉದ್ದಕ್ಕೆ ನಡೆದು ಬಾಗಿಲ ಹತ್ತಿರ, ಗರಡಿಬಳಿಯವರ ಸಾಲಿನ ಕೆಳಗೆ ನಿಂತರು. ಅಲ್ಲಿ ನಮ್ಮ ಹುಲ್ಲು ಎನ್ನುವವರು ಯಾರೂ ಇರಲಿಲ್ಲವಲ್ಲ. ಮರುವರ್ಷ ಅಮ್ಮ ಹುಲ್ಲು ತಂದರು, ಸಾಲು ವಾಪಸು ಸಿಗಲಿಲ್ಲ. ಆಮೇಲೆ ಹಂಚು ಬಂತು, ಸಾಲುಗಳೇ ಹೋದವು, ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೂ ಅಮ್ಮ ಬಾಗಿಲ ಹತ್ತಿರವೇ ನಿಂತು ಪೂಜೆ ಕೇಳಿದರು, ಸಾಯುವವರೆಗೆ. ಸಂಜೆ ಜಪ ಮುಗಿದ ಮೇಲೆ ಹದಿನೆಂಟು ಸಾಲಿನ ಹೆಸರನ್ನೂ ಕ್ರಮವಾಗಿ ಮಗನಿಂದ ಹೇಳಿಸುತ್ತಿದ್ದರಂತೆ, ಮಗ್ಗಿ ಹೇಳಿಸಿದ ಹಾಗೆ. ಇವರಿಗೆ ಮದುವೆಯಾಗಿ ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೇಳಿಸಲು ಇವರಿಗೆ ಯಾರೂ ಇರಲಿಲ್ಲ.

"ಕಲ್ಲಿನಲ್ಲಿ ಹಾಕ್ತಾರಂತಲ್ಲ. ಸರಿಯಾದ ಸಾಲಿನಲ್ಲಿ ಬಂದ್ರೆ ಸಾಕು. ಅಮ್ಮ ಒಮ್ಮೆ ಅಲ್ಲಿ ಕೂತ ಹಾಗೆ ಆಗ್ತದೆ," ಎಂದರು. ಅವರಿಗೆ ಬೇಕಾದದ್ದು ಅಷ್ಟೇ.

ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಕಾಗದದ ಮೇಲಿತ್ತು. ಅವರು ಹೇಳುವ ವೇಗಕ್ಕೆ ಗೀಚಿದ್ದು, ಹೊಡೆದು ಹಾಕಿದ್ದು, ಬದಿಯಲ್ಲಿ ತುರುಕಿದ್ದು. ಮುತ್ತಿನಂಥ ಅಕ್ಷರದವನಿಗೆ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಆ ವಾರ ಆಫೀಸಿನಿಂದ ಒಳ್ಳೆಯ ಕಾಗದ ತಂದು ಮೂರು ಸಂಜೆ ಕೂತು ಚೊಕ್ಕ ಪ್ರತಿ ಮಾಡಿದೆ. ಮಾಡುವಾಗ, ಯಾರೂ ಕೇಳದೆ, ಒಂದು ಜಾಣತನವನ್ನೂ ಮಾಡಿದೆ. ಹದಿನೆಂಟು ಮನೆಗಳನ್ನು ಅಕಾರಾದಿಯಾಗಿ ಜೋಡಿಸಿದೆ. ದಿನವಿಡೀ ಫೈಲು ಜೋಡಿಸುವವನಿಗೆ ಹೆಸರಿನ ಪಟ್ಟಿ ಎಂದರೆ ಬೇರೆ ಕ್ರಮವಿದೆಯೆಂದೇ ಹೊಳೆಯಲಿಲ್ಲ. ಒಂದೊಂದು ಹೆಸರಿನ ಮುಂದೆ ಒಂದೊಂದು ಸಾಲಿನ ಟಿಪ್ಪಣಿ. ಪಕ್ಕದ ಸಾಲಿನವರು ಹುಲ್ಲು ಕೊಟ್ಟರು ಎಂದು ಹಾಗೆಯೇ ಬರೆದೆ. ಕ್ರಮವೇ ಬದಲಾದ ಮೇಲೆ ಅದು ಯಾರ ಪಕ್ಕ ಎಂದು ಕೇಳಿಕೊಳ್ಳಲಿಲ್ಲ. ಗೀಚಿದ ಹಾಳೆಗಳ ಮೇಲೆ ಗೆಳೆಯ ಹುರಿದ ಬಂಗುಡೆಯ ಎಣ್ಣೆ ಬಸಿಯಲು ಇಟ್ಟ. ಇಡು ಎಂದವನು ನಾನೇ. ಬೆಳಗ್ಗೆ ಅವು ಬಲದಿಯಾದ, ಅಂದರೆ ಅಲ್ಲಿನ ಮುನಿಸಿಪಾಲಿಟಿಯ, ಕಸದ ಲಾರಿಯಲ್ಲಿ ಹೋದವು.

ಜುಲೈ ತಿಂಗಳ ಕೊನೆಯ ಶುಕ್ರವಾರ ಪೊರ್ಬುಗಳು ಬಂದಾಗ ನಾನು ಮದುಮಗನ ಹಾಗೆ ಕೂತಿದ್ದೆ. ಅವರು ಹುಲ್ಲಿಗೆ ನೀರು ಚಿಮುಕಿಸಿ ಕಣ್ಣು ಮುಚ್ಚಿಕೊಂಡರು. ನಾನು ಓದತೊಡಗಿದೆ. ಒಂದು, ಅಡ್ಕದ ಮನೆ. ಅವರು ಕಣ್ಣು ತೆರೆದರು. ಎರಡು, ಕಲ್ಲಗುಡ್ಡೆ. ಮೂರು, ಕೆರೆಮೇಲು. ನಾನು ನಿಲ್ಲಿಸಲಿಲ್ಲ, ನನ್ನ ಬರಹದ ಅಂದಕ್ಕೆ ನಾನೇ ಮರುಳಾಗಿ ಹದಿನೆಂಟು, ಹಳ್ಳದಬದಿ ಎನ್ನುವವರೆಗೂ ಓದಿದೆ.

"ಇದು ಯಾರ ಮಾಡು, ರೈಟ್ರೆ?" ಎಂದು ಕೇಳಿದರು.

ಅಕಾರಾದಿ ಎಂದರೇನೆಂದು ವಿವರಿಸಿದೆ. ಹೀಗಿದ್ದರೆ ಹುಡುಕಲು ಸುಲಭ ಎಂದೆ. ಅವರು ಕಾಗದವನ್ನು ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಚಂದ ಉಂಟು. ಆದ್ರೆ ಅಮ್ಮನನ್ನು ನೀವು ಪುನಃ ಬಾಗಿಲ ಹತ್ರ ನಿಲ್ಲಿಸಿದ್ರಲ್ಲ ಮಾರಾಯ್ರೆ," ಎಂದರು, ಅಷ್ಟೇ.

ಹಳೆಯ ಹಾಳೆ ಎಲ್ಲಿ ಎಂದು ಕೇಳಿದರು. ಹೇಳಿದೆ. ಇಲ್ಲದ ಉತ್ಸಾಹ ತಂದುಕೊಂಡು, ಹುಲ್ಲಿನ ಮಾಡನ್ನು ಹೇಗೂ ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಲೇಬೇಕಲ್ಲ, ಬರುವ ಶುಕ್ರವಾರ ಪುನಃ ಕೂರುವ ಎಂದರು. ಆ ದಿನವೇ ಕೂತಿದ್ದರೆ… ಆದರೆ ಅವರಿಗೆ ಸಂಜೆಯೊಳಗೆ ಸಲ್ವಾ ಮುಟ್ಟಬೇಕಿತ್ತು. ಮನೆಯವರು ರಜೆಗೆ ಲಂಡನ್ನಿಗೆ ಹೊರಟಿದ್ದರು, ಅವರ ಪೆಟ್ಟಿಗಳಿಗೆ ತಿಂಡಿ ಕಟ್ಟಿಕೊಡಬೇಕಿತ್ತು.

ಬರುವ ಶುಕ್ರವಾರದ ಹಿಂದಿನ ದಿನ ಇರಾಕಿನವರು ಬಂದರು.

ಗುರುವಾರ ಬೆಳಗ್ಗೆ ಆಫೀಸಿಗೆಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ದೂರದಲ್ಲಿ ಸದ್ದು. ಯಾರದೋ ಮದುವೆಯ ಪಟಾಕಿ ಎಂದು ಗೆಳೆಯ ಹೇಳಿದ. ಕಿಟಕಿಯಿಂದ ನೋಡಿದಾಗ ನಮ್ಮ ಬೀದಿಯ ಕೊನೆಯಲ್ಲಿ ಒಂದು ಟ್ಯಾಂಕು ನಿಂತಿತ್ತು. ಮೊಬೈಲು ಇಲ್ಲದ ಕಾಲ. ಇದ್ದ ಫೋನುಗಳೂ ಒಂದೊಂದಾಗಿ ಸತ್ತವು. ಸಂಬಳ, ಕಫೀಲ್ ಎಂಬ ಜಾಮೀನುದಾರ ಧಣಿ, ಇಕಾಮಾ ಎಂಬ ವಾಸದ ಪರವಾನಗಿ, ಅಷ್ಟು ವರ್ಷ ನಮ್ಮನ್ನು ಹೆದರಿಸಿದ ಪದಗಳೆಲ್ಲ ಒಂದೇ ದಿನಕ್ಕೆ ಖಲಾಸ್. ಬೇಕರಿಯ ಎದುರು ರೊಟ್ಟಿಗೆ ಸಾಲು ನಿಲ್ಲುವುದೇ ಕೆಲಸವಾಯಿತು. ಸಾಲಿನಲ್ಲಿ ನಿಂತಾಗಲೆಲ್ಲ ಪೊರ್ಬುಗಳ ಮಾತ್ರೆಯ ಡಬ್ಬಿ ನೆನಪಾಗುತ್ತಿತ್ತು. ಆದರೆ ಸಲ್ವಾದವರೆಗೆ ಹೋಗಿ ನೋಡುವ ಧೈರ್ಯ ನಾನು ಮಾಡಲಿಲ್ಲ. ದಾರಿಯಲ್ಲಿ ಚೆಕ್‌ಪಾಯಿಂಟುಗಳಿದ್ದವು ಎಂಬುದು ನಿಜ. ಅವರಿಗೂ ಅವೇ ಚೆಕ್‌ಪಾಯಿಂಟುಗಳಿದ್ದವು, ಅವರು ಬಂದರು.

ಸೆಪ್ಟೆಂಬರ್ ಹಿಡಿದಿತ್ತು. ಬಾಸ್ರಾಕ್ಕೆ ಹೋಗುವ ಬಸ್ಸಿನ ಪಟ್ಟಿಯಲ್ಲಿ ನನ್ನ ಹೆಸರೂ ಗೆಳೆಯನ ಹೆಸರೂ ಬಂದಿತ್ತು. ನಾಳೆ ಬೆಳಗ್ಗೆ ಹೊರಡುವುದೆಂದಾದ ದಿನ ಬಾಗಿಲು ತಟ್ಟಿದ ಸದ್ದಾಯಿತು. ಪೊರ್ಬುಗಳು ಸಲ್ವಾದಿಂದ ಆ ಬಿಸಿಲಿನಲ್ಲಿ ನಡೆದು ಬಂದಿದ್ದರು. ಮೊದಲೇ ತೆಳ್ಳಗಿನ ಮನುಷ್ಯ, ಈಗ ಅಂಗಿ ಮೊಳೆಗೆ ತೂಗುಹಾಕಿದಂತಿತ್ತು. ಮಾತ್ರೆ ಮುಗಿದು ಎಷ್ಟೋ ದಿನವಾಗಿತ್ತು. ಸೊಂಟದಲ್ಲಿ ಒಂದು ದೊಡ್ಡ ಬೀಗದ ಕೈ ಗೊಂಚಲು.

ನೀರು ಕುಡಿದು, ಯಾವ ಸುದ್ದಿಯನ್ನೂ ಕೇಳದೆ, "ಕಾಗದ ತೆಗೀರಿ ರೈಟ್ರೆ, ಈಗಲೇ ಬರೆಸಿಬಿಡುವ," ಎಂದರು.

ಪ್ರಾರ್ಥನೆಯ ಪುಸ್ತಕ ತೆಗೆದರು. ಅದರೊಳಗೆ ಹುಲ್ಲಿರಲಿಲ್ಲ. ಬರುವ ದಾರಿಯಲ್ಲಿ ಒಬ್ಬ ಸೈನಿಕ ಪುಸ್ತಕ ಕಿತ್ತುಕೊಂಡು ಕೊಡವಿದನಂತೆ, ಕಂತೆ ಬಿಚ್ಚಿ ಬೆರಳಿನಲ್ಲಿ ಪುಡಿ ಮಾಡಿ ಮೂಸಿ ನೋಡಿ ಎಸೆದನಂತೆ. ಗಾಳಿ ಇತ್ತು, ಹೆಕ್ಕಲು ಏನೂ ಉಳಿಯಲಿಲ್ಲವಂತೆ. ಅಭ್ಯಾಸಬಲದಿಂದ ಲೋಟಕ್ಕೆ ಬೆರಳು ಅದ್ದಿದರು. ಚಿಮುಕಿಸಲು ಏನೂ ಇಲ್ಲದೆ ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು ಕಣ್ಣು ಮುಚ್ಚಿದರು.

ಎಡಕ್ಕೆ ಒಂದು, ಹಳ್ಳದಬದಿ. ಎರಡು, ಕಲ್ಲಗುಡ್ಡೆ. ಮೂರು, ಸಂಕದಬಳಿ. ನಾಲ್ಕು, ಬೈಲಮನೆ. ಐದು… ಐದು…

ಕೈಗಳು ಗಾಳಿಯಲ್ಲಿ ಹುಲ್ಲು ಕಟ್ಟುವ ಹಾಗೆ ಆಡುತ್ತಿದ್ದವು. ಮತ್ತೆ ಮೊದಲಿನಿಂದ ಹಿಡಿದರು. ಹಳ್ಳದಬದಿ, ಕಲ್ಲಗುಡ್ಡೆ, ಸಂಕದಬಳಿ, ಬೈಲಮನೆ, ಐದು… ಮೂರನೆಯ ಸಲವೂ ಅಲ್ಲಿಗೇ ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದರು. ಆ ನೋಟವನ್ನು ಬರೆಯಲು ನನ್ನ ಕೈಬರಹ ಯಾತಕ್ಕೂ ಬಾರದು. "ಬರೆಸಿ ಆಯ್ತಲ್ಲ, ಇನ್ನು ಹೊತ್ಕೊಂಡು ತಿರುಗುವುದು ಬೇಡ ಅಂತ ತಲೆಯಿಂದ ಇಳಿಸಿಬಿಟ್ಟಿದ್ದೆ ರೈಟ್ರೆ," ಎಂದರು.

ನೆರವಾಗಲಿ ಎಂದು ನಾನು ನನ್ನ ಚೊಕ್ಕ ಪ್ರತಿ ತೆಗೆದು ಒಂದೊಂದೇ ಹೆಸರು ಓದಿದೆ. ಪಡುಮನೆ ಎಂದರೆ, ಹೌದು, ಅದು ಉಂಟು, ಆದರೆ ಎಲ್ಲಿ ಎನ್ನುತ್ತಿದ್ದರು. ಮಾವಿನಕಟ್ಟೆ ಎಂದರೆ ಅದಕ್ಕೂ ಹಾಗೆಯೇ. ಎರಡು ಸಲ, ಮೂರು ಸಲ ಓದಿದೆ. ಓದಿದ್ದೇ ತಪ್ಪಾಯಿತು. ನಾಲ್ಕನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅವರು ಕಣ್ಣು ಮುಚ್ಚಿ, ಸರಾಗವಾಗಿ, ತಡೆಯಿಲ್ಲದೆ ಹೇಳತೊಡಗಿದರು: ಅಡ್ಕದ ಮನೆ, ಕಲ್ಲಗುಡ್ಡೆ, ಕೆರೆಮೇಲು… ಬಾಗಿಲ ಹತ್ತಿರ ನಿಂತಿದ್ದ ಗೆಳೆಯ ಮುಖ ತಿರುಗಿಸಿಕೊಂಡ. ಅವರ ಅಮ್ಮ ಕಟ್ಟಿಕೊಟ್ಟ ಮಾಡನ್ನು ಇಳಿಸಿ ಅಲ್ಲಿ ನನ್ನ ಪಟ್ಟಿಯನ್ನು ಹೊದಿಸಿದ್ದೆ.

ನಮ್ಮ ಜೊತೆ ಬನ್ನಿ ಎಂದು ಇಬ್ಬರೂ ಎಷ್ಟು ಹೇಳಿದೆವು. ಪಾಸ್‌ಪೋರ್ಟು ಮನೆಯ ಕಪಾಟಿನಲ್ಲಿದೆ, ಕಪಾಟಿನ ಕೀಲಿ ಲಂಡನ್ನಿನಲ್ಲಿದೆ ಎಂದರು. ಎಂಬೆಸಿಯವರು ಕಾಗದ ಬರೆದುಕೊಡುತ್ತಾರೆ ಎಂದೆ. ಸೊಂಟದ ಗೊಂಚಲು ಮುಟ್ಟಿ ತೋರಿಸಿದರು. "ಮನೆ ಬಿಟ್ಟು ಹೇಗೆ ಬರುವುದು? ಮಾಮಾ ಬಂದು ಕೇಳಿದ್ರೆ?" ಎಂದರು. ಮಾಮಾ ಎಂದರೆ ಮನೆಯೊಡತಿ, ಅರಬಿ ಮನೆಯ ಕೆಲಸದವರು ಹಾಗೆ ಕರೆಯುವುದು. ಊರೇ ಕೈಬಿಟ್ಟು ಹೋದ ಮೇಲೂ ಇವರಿಗೆ ಬೀಗದ್ದೇ ಚಿಂತೆ ಎಂದು ನನಗೆ ಆಗ ಸಿಟ್ಟು ಬಂತು. ಒಂದು ಜಾಗವನ್ನು ಒಂದು ವರ್ಷ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

ಹೊರಡುವಾಗ ಎರಡೂ ಕಾಗದ ನನ್ನ ಕೈಯಲ್ಲೇ ಇಟ್ಟರು, ಅಕಾರಾದಿಯ ಹದಿನೆಂಟು ಹೆಸರಿನದು ಮತ್ತು ಬರೀ ನಾಲ್ಕು ಹೆಸರಿನದು. ಪಾದ್ರಿಗಳಿಗೆ ಮುಟ್ಟಿಸಬೇಕು. ಮೊದಲ ಸಾಲು ಹಳ್ಳದಬದಿ ಎಂದು ಬಾಯಲ್ಲಿಯೂ ಹೇಳಬೇಕು. ಉಳಿದದ್ದನ್ನು ತಾನೇ ಬಂದು ಹೇಳುತ್ತೇನೆ, ಊರ ಮುಳಿ ಮೂಸಿದರೆ ತನ್ನಿಂತಾನೇ ಬರುತ್ತದೆ ಎಂದರು. ಮೆಟ್ಟಿಲಿಳಿಯುವಾಗ ಬೀಗದ ಕೈಗಳು ಸದ್ದು ಮಾಡುತ್ತಿದ್ದವು. ಮೊದಲು ಮಾತ್ರೆಯ ಡಬ್ಬಿ ಮಾಡುತ್ತಿದ್ದ ಹಾಗೆ…

ನಾವು ಬಾಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಯ ಡೇರೆಗಳಲ್ಲಿ ಬಿದ್ದುಕೊಂಡು, ವಿಮಾನ ಸಿಕ್ಕಿ, ಬೊಂಬಾಯಿಗೆ ಬಂದು ಊರು ಸೇರಿದೆವು. ಆ ಕತೆಯನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಕಾಗದಗಳು ಸರ್ಟಿಫಿಕೇಟಿನ ಜೊತೆ ಭದ್ರವಾಗಿದ್ದವು.

ಊರಿಗೆ ಬಂದವನು ತಕ್ಷಣ ಆ ಇಗರ್ಜಿಗೆ ಹೋದೆನೇ? ಹೋಗಲಿಲ್ಲ. ಪೊರ್ಬುಗಳೇ ಬರುತ್ತಾರಲ್ಲ, ಒಟ್ಟಿಗೆ ಹೋದರಾಯಿತು ಎಂದುಕೊಂಡೆ. ಕೆಲಸ ಹುಡುಕುವುದಿತ್ತು ಎಂದೂ ಹೇಳಬಹುದು. ಯುದ್ಧ ಮುಗಿದು, ತೊಂಬತ್ತೊಂದರ ಮಳೆಗಾಲದ ಹೊತ್ತಿಗೆ ಸಲ್ವಾದಲ್ಲಿ ಡ್ರೈವರಾಗಿದ್ದ ಒಬ್ಬ ಬ್ಯಾರಿ ಮಂಗಳೂರಿಗೆ ಬಂದ. ನನ್ನ ಗೆಳೆಯ ಅವನನ್ನು ಕರೆದುಕೊಂಡು ಬಂದು ನನ್ನೆದುರು ಕೂರಿಸಿದ. ಪೊರ್ಬುಗಳು ಚಳಿ ಶುರುವಾಗುವ ಮೊದಲೇ ತೀರಿಹೋಗಿದ್ದರು. ಮಾತ್ರೆ ಎಲ್ಲಿಯೂ ಸಿಗಲಿಲ್ಲ, ಕಾಲಿಗಾದ ಒಂದು ಗಾಯ ಮಾಯದೆ ಕೊಳೆಯಿತು, ಕೊನೆಯ ದಿನಗಳಲ್ಲಿ ಯಾರ ಗುರುತೂ ಸಿಗುತ್ತಿರಲಿಲ್ಲ. ಎಲ್ಲಿ ಹೂತರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆ ಮನೆಯನ್ನು ಆಮೇಲೆ ಬಾಗಿಲು ಮುರಿದು ದೋಚಿದರಂತೆ, ಬೀಗದ ಕೈ ಬೇಕಾಗಿರಲಿಲ್ಲವಂತೆ.

ಆಗ ಹೋದೆ, ಹೋಗಬೇಕಾದ ಹೊತ್ತು ದಾಟಿದ ಮೇಲೆ. ಹಳೆಯ ಇಗರ್ಜಿಯ ಗೋಡೆ ಕೆಡವಿ ಕಾಂಕ್ರೀಟಿನ ಕಂಬ ಎದ್ದಿತ್ತು. ಪಾದ್ರಿಗಳು ಹೊಸಬರು, ಒಳ್ಳೆಯವರು, ತುಂಬ ಕೆಲಸದಲ್ಲಿದ್ದವರು. ಜೊತೆಗೆ ಕಟ್ಟಡ ಸಮಿತಿಯ ಅಧ್ಯಕ್ಷರಿದ್ದರು. ಅವರು ಯಾವ ಮನೆಯವರೆಂದು ಹೇಳಬೇಕಾಗಿಲ್ಲ. ಎರಡೂ ಕಾಗದ ಮೇಜಿನ ಮೇಲಿಟ್ಟೆ. ಸಾಲಿನ ಸಂಗತಿ ಹೇಳಿದೆ. ಹುಲ್ಲಿನ ಕಾಲ ಕಂಡವರು ಊರಲ್ಲಿ ಒಬ್ಬ ಮುದುಕಿ ಮಾತ್ರ ಎಂದರು, ಆ ಮುದುಕಿಗೆ ತಾನು ಎಡಬದಿಯಲ್ಲಿ ಕೂರುತ್ತಿದ್ದದ್ದು ಬಿಟ್ಟರೆ ಬೇರೆ ನೆನಪಿಲ್ಲವಂತೆ.

ಪಾದ್ರಿಗಳು ನಾಲ್ಕು ಹೆಸರಿನ ಕಾಗದವನ್ನು ನೋಡಿ, "ಇಷ್ಟೇ ಹಾಕಿದ್ರೆ ಉಳಿದ ಮನೆಯವರು ಜಗಳಕ್ಕೆ ಬರ್ತಾರೆ," ಎಂದು ಮೆತ್ತಗೆ ಹೇಳಿದರು. ಇನ್ನೊಂದನ್ನು ಎತ್ತಿಕೊಂಡರು. ಇದು ಪೂರ್ತಿ ಇದೆ, ಎಷ್ಟು ಚಂದದ ಅಕ್ಷರ ಎಂದರು. ಅಧ್ಯಕ್ಷರು ಕನ್ನಡಕ ಹಾಕಿ ಮೇಲಿನಿಂದ ಕೆಳಗೆ ಓದಿ, ಕೆಂಪು ಪೆನ್ನಿನಲ್ಲಿ ಗರಡಿಬಳಿಯನ್ನು ಹೊಡೆದು ಹಾಕಿದರು. ಅದು ನಮ್ಮ ಸಭೆಯ ಮನೆ ಅಲ್ಲ, ಬರೆಯುವವರ ಕೈತಪ್ಪು ಇರಬೇಕು ಎಂದರು. ಕೈತಪ್ಪಲ್ಲ ಎಂದೆ. ಮೊದಲ ಸಾಲು ಹಳ್ಳದಬದಿ ಎಂದೂ ಹೇಳಿದೆ. ಒಮ್ಮೆ ಹೇಳಿದೆ. ಅಷ್ಟರಲ್ಲಿ ಚಾ ಬಂತು, ಬಿಸ್ಕುಟು ಬಂತು, ಕುವೈತಿನ ಯುದ್ಧದ ಬಗ್ಗೆ ಕೇಳಿದರು. ನಾನೂ ಹೇಳಿದೆ. ಎರಡನೆಯ ಸಲ ಹೇಳುವ ಧೈರ್ಯ ನನ್ನಿಂದಾಗಲಿಲ್ಲ.

ಆ ಕಲ್ಲು ಈಗಲೂ ಇಗರ್ಜಿಯ ಮೊಗಸಾಲೆಯಲ್ಲಿದೆ. ಕೆತ್ತುವವನು ನನ್ನ ಅಕ್ಷರವನ್ನೇ ಮಾದರಿ ಇಟ್ಟುಕೊಂಡನಂತೆ, ಚೆನ್ನಾಗಿ ಬಂದಿದೆ. ಹಬ್ಬದ ದಿನ ಪಾದ್ರಿಗಳ ಪ್ರಸಂಗದಲ್ಲಿ, ಈ ಊರಿಗೆ ಮೊದಲು ಬಂದದ್ದು ಅಡ್ಕದ ಮನೆಯವರು ಎಂದು ಹೇಳುತ್ತಾರೆ ಎಂದು ಕೇಳಿದ್ದೇನೆ. ಅದಕ್ಕೆ ಆಧಾರ ಕುವೈತಿನಿಂದ ಬಂದ ದಾಖಲೆ.

ರೆಸಾರ್ಟಿನ ಹೊರಗೆ ಕೂತಿದ್ದಾಗ ಪೈಪು ಹಿಡಿದವನು ಪಕ್ಕದಲ್ಲಿ ಹಾದುಹೋದ. ಈ ಮಾಡು ಹೊದಿಸಿದ್ದು ಯಾರು ಎಂದು ಕೇಳಿದೆ. "ಕಂಟ್ರಾಕ್ಟ್ ಸಾರ್. ಅಡಿಯಲ್ಲಿ ಶೀಟ್ ಉಂಟು, ಹುಲ್ಲು ಬರೀ ಶೋಗೆ," ಎಂದ. ನಾನು ಕಣ್ಣು ಮುಚ್ಚಿ ಆ ವಾಸನೆಯಲ್ಲಿ ಹಿಡಿಯಲು ನೋಡಿದೆ. ಹಳ್ಳದಬದಿ, ಕಲ್ಲಗುಡ್ಡೆ, ಸಂಕದಬಳಿ, ಬೈಲಮನೆ… ಅವರು ಮೂರು ಶುಕ್ರವಾರ ನನ್ನೆದುರು ಕೂತು ಹೇಳಿದ್ದರು, ನನ್ನ ಕೈಯಾರೆ ಬರೆದುಕೊಂಡಿದ್ದೆ. ಎಲ್ಲಿಯಾದರೂ ಉಳಿದಿರಬೇಕು. ಐದು ಎಂದೆ. ಬಂದದ್ದು ಅಡ್ಕದ ಮನೆ. ಪ್ರತಿ ಸಲವೂ ಅದೇ ಬರುತ್ತದೆ.

ಒಳಗಿನಿಂದ ಸೊಸೆ ಕರೆದಳು. ನಾನು ಏಳಲಿಲ್ಲ. ಕಲ್ಲಿನ ಮೇಲೆ ಹದಿನೇಳು ಹೆಸರು, ಕೊನೆಯದು ಹಳ್ಳದಬದಿ. ಪೊರ್ಬುಗಳ ಅಮ್ಮ ಅಲ್ಲಿಯೂ ಬಾಗಿಲ ಹತ್ತಿರವೇ ನಿಂತಿದ್ದಾರೆ, ನಿಲ್ಲಿಸಿದವನು ನಾನು. ಅಂದು ಅವರ ತಲೆಯ ಮೇಲೆ ಗರಡಿಬಳಿಯವರ ಒಂದು ಸಾಲು ಹುಲ್ಲಾದರೂ ಇತ್ತು. ಈಗ ಅದೂ ಇಲ್ಲ.